ನಿಂಬೆ ಗೋದಾಮಿನ ಸ್ಪೀಡ್‌ಸ್ಟರ್

1998ರ ಮಾರ್ಚ್ ತಿಂಗಳ ಮೂರನೆಯ ಮಂಗಳವಾರ ಬೆಳಿಗ್ಗೆ ವಿಜಾಪುರ ಜಿಲ್ಲೆಯ ಇಂಡಿ ಪಟ್ಟಣದ ಒಂದು ನಿಂಬೆ ಗೋದಾಮಿನ ಹಿಂಬದಿಯ ಬೀಗವನ್ನು ಅದರ ಮಾಲೀಕರು ಪೊಲೀಸರ ಎದುರು ಒಡೆಸಿದರು. ಒಳಗೆ ಒಂದು ಕಾರು ಇತ್ತು.

ಬಂದವರು ಹುಡುಕುತ್ತಿದ್ದುದು ಕಾರನ್ನಲ್ಲ. ಆ ಓಣಿಯ ಜನ ಒಂದೂವರೆ ವರ್ಷದಿಂದ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರು. ಗೋದಾಮಿನ ಹಿಂದಿನ ಅರ್ಧದಿಂದ ಕಣ್ಣಲ್ಲಿ ನೀರು ಬರಿಸುವ ಒಂದು ವಾಸನೆ ಬರುತ್ತಿತ್ತು. ಕಳ್ಳಭಟ್ಟಿ ಇರಬೇಕು ಎಂದು ಕೆಲವರು, ದ್ರಾಕ್ಷಿಗೆ ಹೊಡೆಯುವ ನಕಲಿ ಔಷಧ ತಯಾರಿಸುತ್ತಾರೆ ಎಂದು ಕೆಲವರು. ಆ ಭಾಗವನ್ನು ಬಾಡಿಗೆಗೆ ಹಿಡಿದಿದ್ದ ಮಿಸ್ತ್ರಿ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಕೇಳಿದರೆ ಧೂಳು ಬರುತ್ತದೆ ಎನ್ನುತ್ತಿದ್ದ. ಬೇಸಿಗೆಯಲ್ಲಿ ಇಂಡಿಯಲ್ಲಿ ಧೂಳು ಬರಬಾರದು ಎಂದು ಬಾಗಿಲು ಹಾಕಿಕೊಂಡು ಕೂರುವವನನ್ನು ಯಾರು ನಂಬುತ್ತಾರೆ?

ನಾನು ಆಗ ಒಂದು ಜಿಲ್ಲಾ ಪತ್ರಿಕೆಗೆ ಅಲ್ಲಿಂದ ಸುದ್ದಿ ಕಳಿಸುತ್ತಿದ್ದೆ. ಬರೆದದ್ದನ್ನು ಲಕೋಟೆಗೆ ಹಾಕಿ ಮಧ್ಯಾಹ್ನದ ವಿಜಾಪುರ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಂಜೆಯೊಳಗೆ ಕಚೇರಿ ಸೇರುತ್ತಿತ್ತು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ನಮ್ಮವರು ರಜೆ ಹಾಕಿದ ದಿನ ಅಲ್ಲಿಗೂ ನಾನೇ ಹೋಗಬೇಕಿತ್ತು. ಅಂದು ಊರಲ್ಲೇ ಇದ್ದೆ. ಬೀಗ ಒಡೆದ ಮೇಲೆ ಒಳಗೆ ಹೋದವರಲ್ಲಿ ನಾನು ಐದನೆಯವನು.

ಕಾರು ನನ್ನ ಸೊಂಟಕ್ಕಿಂತ ಎತ್ತರವಿರಲಿಲ್ಲ. ಎರಡೇ ಆಸನ, ಮೇಲೆ ಹೊದಿಕೆ ಇಲ್ಲ, ಮುಂದಿನ ಗಾಜು ಒಂದು ಗೇಣು. ಎಲ್ಲೂ ಒಂದು ಮೂಲೆ ಇಲ್ಲದೆ, ಬಳಸಿ ಸವೆದ ಸಾಬೂನಿನಂತೆ ದುಂಡಗಿತ್ತು. ಬಣ್ಣ ಹಾಲಿನ ಕೆನೆಯದು. ಗೋಡೆಗೆ ಒಂದು ಹಳೆಯ ಕ್ಯಾಲೆಂಡರಿನ ಚಿತ್ರ ಅಂಟಿಸಿತ್ತು. ಅದರಲ್ಲಿ ಇಂಥದೇ ಕಾರು, ಕೆಳಗೆ ಇಂಗ್ಲಿಷಿನಲ್ಲಿ ಸ್ಪೀಡ್‌ಸ್ಟರ್ ಎಂಬ ಮಾತು. ಐವತ್ತರ ದಶಕದಲ್ಲಿ ಹೊರದೇಶದ ಶ್ರೀಮಂತರು ಓಡಿಸುತ್ತಿದ್ದ ಕಾರು ಅದು ಎಂದು ಆಮೇಲೆ ತಿಳಿಯಿತು. ಇಂಡಿಯಲ್ಲಿ ಅಂದಿನವರೆಗೆ ಅದನ್ನು ಯಾರೂ ಕಂಡಿರಲಿಲ್ಲ. ವಿಜಾಪುರದಲ್ಲೂ ಕಂಡವರು ನನಗೆ ಸಿಗಲಿಲ್ಲ.

ಮಿಸ್ತ್ರಿಯನ್ನು ಕರೆಸಿದರು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಕೆಲವು ವರ್ಷ ಪುಣೆಯಲ್ಲಿ ಫೈಬರ್ ಕೆಲಸ ಕಲಿತು ಬಂದಿದ್ದ. ನಮ್ಮಲ್ಲಿ ಅವನಿಗೆ ಬರುತ್ತಿದ್ದ ಕೆಲಸ ಸೀಳಿದ ನೀರಿನ ಟಾಕಿ, ಒಡೆದ ಸ್ಕೂಟರ್ ಡಿಕ್ಕಿ, ತೋಟದ ಔಷಧ ಸಿಂಪಡಿಸುವ ಡಬ್ಬಿ. ಕಾರು ಎಲ್ಲಿಯದು ಎಂದು ಠಾಣೆಯ ಮುಖ್ಯಸ್ಥರಾದ ಫೌಜದಾರರು ಕೇಳಿದರು. ತಾನೇ ಮಾಡಿದ್ದು ಎಂದ.

ಗುಂಪಿನಲ್ಲಿ ನಗು ಎದ್ದಿತು. ಗೋದಾಮಿನ ಸಾವ್ಕಾರರು ಬಾಡಿಗೆದಾರನ ಮುಖ ನೋಡದೆ ಫೌಜದಾರರಿಗೇ ಹೇಳಿದರು: "ಟಾಕಿಗೆ ತ್ಯಾಪಿ ಹಚ್ಚಾವ್ರಿ ಇಂವ. ಕಾರ್ ಮಾಡ್ಯಾನಂತ. ನಾಳೆ ಇಮಾನ ಮಾಡೇನಿ ಅಂತಾನ."

ಹವಾಲ್ದಾರ ರೇಡಿಯೋ ರಿಪೇರಿ ಅಂಗಡಿಯಿಂದ ಒಂದು ಹಳೆಯ ಸ್ಪೀಕರಿನ ಅಯಸ್ಕಾಂತ ತರಿಸಿದ. ಕಾರಿನ ಮೈಗೆಲ್ಲ ಹಿಡಿದ. ಎಲ್ಲೂ ಕಚ್ಚಲಿಲ್ಲ. ನಮ್ಮ ದೇಶದ ಗಾಡಿಗೆ ಕಬ್ಬಿಣ ಇರುತ್ತದೆ, ಇದಕ್ಕಿಲ್ಲ, ಆದ್ದರಿಂದ ಇದು ಹೊರಗಿನದು ಎಂದು ಅವನು ತೀರ್ಮಾನಿಸಿದ. ಸುತ್ತ ನಿಂತವರು ಗೋಣು ಹಾಕಿದರು. ನಾನೂ ಹಾಕಿದೆ. ಫೈಬರಿಗೆ ಅಯಸ್ಕಾಂತ ಕಚ್ಚುವುದಿಲ್ಲ ಎಂಬುದನ್ನು, ಮನೆಯಲ್ಲಿ ಫೈಬರ್ ಬಕೆಟ್ ಇಟ್ಟುಕೊಂಡಿದ್ದ ನಾವ್ಯಾರೂ ಯೋಚಿಸಲಿಲ್ಲ.

ಕಾರಿನ ಕೆಳಗಿನ ಚಾಸಿಯ ಮೇಲೆ ಇರಬೇಕಾದ ನಂಬರು ಕಾಣಲಿಲ್ಲ. ಆ ಜಾಗದಲ್ಲಿ ಒಂದು ಕಬ್ಬಿಣದ ಪಟ್ಟಿ ಬೆಸೆದಿತ್ತು. ನಂಬರು ಮುಚ್ಚಿದ ಗಾಡಿ ಎಂದರೆ ಕಳವಿನದು ಎಂಬುದು ಠಾಣೆಯ ಲೆಕ್ಕ. ತಾನೇ ಮಾಡಿದ್ದು ಎಂದು ತೋರಿಸದಿದ್ದರೆ ಕಳವಿನ ಕೇಸು ಹಾಕುವುದಾಗಿ ಫೌಜದಾರರು ಅವನಿಗೆ ಸಾವಧಾನವಾಗಿಯೇ ಹೇಳಿದರು. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಠಾಣೆಯ ಅಂಗಳದ ಬೇವಿನ ಮರದ ಕೆಳಗೆ ನಿಲ್ಲಿಸಿದರು. ನಾನು ಅಂದಿನ ಬಸ್ಸಿಗೆ ಸುದ್ದಿ ಕೊಟ್ಟೆ. ಮರುದಿನ ಅದು "ಗೋದಾಮಿನಲ್ಲಿ ವಿದೇಶಿ ಕಾರು ಪತ್ತೆ" ಎಂದು ಮೂರು ಕಾಲಮ್ಮಿನಲ್ಲಿ ಬಂತು.

ಪತ್ರಿಕೆ ಬಂದ ದಿನ ಮಿಸ್ತ್ರಿಯನ್ನು ಠಾಣೆಯ ಕಟ್ಟೆಯ ಮೇಲೆ ಕಂಡೆ. ಪತ್ರಿಕೆ ಅವನ ಮಗ್ಗುಲಲ್ಲಿ ಮಡಚಿ ಇತ್ತು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಮೊದಲು ಬಿದಿರು, ತಂತಿ, ಮಣ್ಣಿನಲ್ಲಿ ಕಾರಿನ ಆಕಾರ ಮಾಡಿದ್ದು. ಅದರ ಮೇಲೆ ಪ್ಲಾಸ್ಟರಿನ ಅಚ್ಚು ತೆಗೆದದ್ದು. ಅಚ್ಚಿನ ಒಳಗೆ ಗಾಜಿನ ನಾರಿನ ಚಾಪೆ ಹಾಸಿ, ಬ್ರಷ್ಷಿನಿಂದ ರಾಳ ಬಳಿದದ್ದು. ವಾಸನೆ ಆ ರಾಳದ್ದು. ಅಚ್ಚು ಎಲ್ಲಿದೆ ಎಂದು ಕೇಳಿದೆ. ಅಚ್ಚನ್ನು ಒಡೆದರೇನೇ ಕಾರು ಹೊರಗೆ ಬರುವುದು, ಚೂರುಗಳನ್ನು ಸಂಕ್ರಾಂತಿಯ ಹೊತ್ತಿಗೆ ಓಣಿಯ ತಗ್ಗಿಗೆ ತುಂಬಿದೆ ಎಂದ. ಇಂಜಿನ್, ಚಾಸಿ ಮುದ್ದೇಬಿಹಾಳದ ಒಂದು ಗುಜರಿ ಅಂಗಡಿಯಿಂದ ತಂದ ಹಳೆಯ ಟ್ಯಾಕ್ಸಿಯದು. ನಂಬರು ಅಲ್ಲೇ ಇದೆ, ಪಟ್ಟಿ ಬೆಸೆಯುವಾಗ ಅದರ ಮೇಲೆ ಬಂತು. ಪಂಚನಾಮೆ ಆಗುವವರೆಗೆ ಅದನ್ನು ಬಿಡಿಸುವಂತಿರಲಿಲ್ಲ.

ಎಲ್ಲವೂ ಸರಿಯಾಗಿತ್ತು, ಒಂದಕ್ಕೂ ಸಾಕ್ಷಿ ಇರಲಿಲ್ಲ. ಇಂಥ ಕಥೆಗಳನ್ನು ಠಾಣೆಯ ಕಟ್ಟೆಯ ಮೇಲೆ ಎಷ್ಟೋ ಕೇಳಿದ್ದೆ.

"ನೀನೇ ಮಾಡಿದ್ದು ಅನ್ನಾಕ ಕಾರಿನ್ಯಾಗ ಏನರ ಗುರ್ತು ಐತೇನು?" ಎಂದು ಕೇಳಿದೆ.

"ಏನೂ ಇಲ್ರಿ."

ಹಾಗೆನ್ನುವಾಗ ಅವನು ಎದ್ದು ಕಾರಿನ ಬಳಿ ಹೋಗಿ ಎಡಗಡೆಯ ಸೀಟಿನ ಮೇಲೆ ಕೈ ಇಟ್ಟ. ಧೂಳು ಒರೆಸುವವನ ಹಾಗೆ ಒರೆಸಿದ. ಸೀಟಿನ ಮೇಲೆ ಧೂಳಿರಲಿಲ್ಲ. ನಾನು ಟಿಪ್ಪಣಿ ಪುಸ್ತಕದಲ್ಲಿ "ಎಡ ಸೀಟು, ಕೈ" ಎಂದು ಬರೆದುಕೊಂಡೆ. ಆ ಪುಸ್ತಕ ಈಗಲೂ ಇದೆ.

ಬುಧವಾರ ಮಧ್ಯಾಹ್ನವೇ ಮುದ್ದೇಬಿಹಾಳದ ಬಸ್ಸು ಹತ್ತಿದೆ. ಗುಜರಿ ಅಂಗಡಿಯವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನಾನು ಪೇಪರಿನವನೋ ತೆರಿಗೆ ಇಲಾಖೆಯವನೋ ಎಂದು ಎರಡು ಸಲ ಕೇಳಿದರು. ಹಳೆಯ ಟ್ಯಾಕ್ಸಿ ಮಾರಿದ್ದು ನಿಜ, ಇಂಡಿ ಕಡೆಯವನು ಎಂದೂ ನೆನಪಿತ್ತು. ಮುಖ ನೆನಪಿರಲಿಲ್ಲ. ದಪ್ಪ ಚಷ್ಮಾ ಹಾಕಿದ್ದ ಎಂದರು. ಮಿಸ್ತ್ರಿಗೆ ಚಷ್ಮಾ ಇರಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ನನಗೆ ಅನುಮಾನ ಮತ್ತಷ್ಟು ಗಟ್ಟಿಯಾಯಿತು.

ಗುರುವಾರ ಬೆಳಿಗ್ಗೆ ಮಿಸ್ತ್ರಿಯ ಮನೆಗೆ ಹೋದೆ. ಅವನ ಹೆಂಡತಿ ಬಾಗಿಲಲ್ಲಿ ನಿಂತೇ ಮಾತಾಡಿದರು. ಚಷ್ಮಾದ ಮಾತು ತೆಗೆದೆ. ಒಳಗೆ ಹೋಗಿ, ಗ್ಯಾಸ್ ವೆಲ್ಡಿಂಗಿನವರು ಹಾಕುವಂಥ, ಒಂದು ಕಡೆ ಸೀಳಿದ ಕನ್ನಡಕ ತಂದು ನನ್ನ ಕೈಗೆ ಕೊಟ್ಟರು. "ಗಾಜಿನ ಪುಡಿ ಕಣ್ಣಿಗೆ ಬೀಳತೈತಿ ಅಂತ ಹಗಲೆಲ್ಲ ಇದನ್ನ ಹಾಕ್ಕೊಂಡ ತಿರಗತಿದ್ರು. ಅಂಗಿ ತೊಳದು ತೊಳದು ನನ್ನ ಕೈ ನೋಡ್ರಿ." ಅಂಗೈ ತೋರಿಸಿದರು. ಗೀರುಗಳಿದ್ದವು. ಗಾಜಿನ ನಾರು ಬಟ್ಟೆಯಲ್ಲಿ ಕೂತರೆ ತೊಳೆಯುವವರ ಕೈ ಹಾಗಾಗುತ್ತದೆ. ಸಿಂದಗಿಯ ಒಂದು ಮದುವೆಗೆ ವರನ ಮೆರವಣಿಗೆಗೆಂದು ಕಾರು ಗೊತ್ತಾಗಿದೆ, ಇನ್ನು ಹನ್ನೆರಡು ದಿನ ಎಂದೂ ಹೇಳಿದರು. ಮಿಸ್ತ್ರಿ ಕಾರು ಮಾಡಿದ್ದು ಅದಕ್ಕೇ, ಮೆರವಣಿಗೆಗೆ ಬಿಡಲಿಕ್ಕೆ. ಅದು ತಪ್ಪಿದರೆ ಅವನನ್ನು ಮುಂದೆ ಯಾರೂ ಕರೆಯುವುದಿಲ್ಲ.

ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು ಎಂದು ನನಗೆ ಕಲಿಸಿದ್ದರು. ಒಡೆದ ಕನ್ನಡಕ, ಗೀರಿದ ಅಂಗೈ ಕಂಡಿದ್ದೆ. ಅವುಗಳಿಂದ ಅವನು ಫೈಬರ್ ಕೆಲಸ ಮಾಡಿದ್ದು ಗೊತ್ತಾಗುತ್ತದೆ, ಈ ಕಾರು ಮಾಡಿದ್ದು ಗೊತ್ತಾಗುವುದಿಲ್ಲ. ಅಂದು ಸುದ್ದಿ ಕಳಿಸಲಿಲ್ಲ.

ಶುಕ್ರವಾರ ಪಂಚನಾಮೆ ಇತ್ತು. ಕಾರಿನ ಒಂದೊಂದು ಭಾಗವನ್ನೂ ನೋಡಿ ಬರೆದುಕೊಳ್ಳಬೇಕು, ಅದಕ್ಕೆ ಊರಿನ ಇಬ್ಬರು ಪಂಚರು ಎದುರಿಗೆ ಇರಬೇಕು. ಪಂಚನಾಗುವುದು ಯಾರಿಗೂ ಬೇಡದ ಕೆಲಸ, ಮುಂದೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ಒಬ್ಬ ಪಾನ್ ಅಂಗಡಿಯವನು ಸಿಕ್ಕ. ಇನ್ನೊಬ್ಬನಿಗಾಗಿ ಹವಾಲ್ದಾರ ರಸ್ತೆಯ ಕಡೆ ನೋಡಿದ. ಚಹಾದಂಗಡಿಯ ಬೆಂಚಿನ ಮೇಲೆ ಐವತ್ತು ದಾಟಿದ ಒಬ್ಬ ಹಮಾಲ ಕೂತಿದ್ದ.

"ಏ ಕಾಕಾ, ಖಾಲಿ ಕುಂತೀದಿ. ಬಾ, ಪಂಚ ಆಗು."

"ಸಹಿ ಬರೂದಿಲ್ರಿ ನನಗ."

"ಹೆಬ್ಬಟ್ಟು ಐತಿಲ್ಲೊ? ಕಣ್ಣ ಕಾಣ್ತಾವಿಲ್ಲೊ? ಸಾಕು ಬಾ."

ಆ ಹಮಾಲ ಖಾಲಿ ಕೂತದ್ದಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು. ಅವನು ಇದೇ ಸಾವ್ಕಾರರ ಗೋದಾಮಿನಲ್ಲಿ ಇಪ್ಪತ್ತು ವರ್ಷ ನಿಂಬೆ ಚೀಲ ಹೊತ್ತವನು. ಖಾಲಿ ಗೋಣಿಚೀಲಗಳ ಕೋಣೆಯ ಕೀಲಿ ಅವನ ಕೈಯಲ್ಲಿತ್ತು. ಹಿಂದಿನ ದೀಪಾವಳಿಯ ಹೊತ್ತಿಗೆ ಆ ಕೋಣೆಯಿಂದ ಚೀಲಗಳು ಕಡಿಮೆಯಾದವು. ಕೀಲಿ ಇದ್ದವನೇ ಕದ್ದವನು ಎಂದು ಸಾವ್ಕಾರರು ಅವನನ್ನು ಕೆಲಸದಿಂದ ಬಿಡಿಸಿದರು. ಉಳಿದ ಗೋದಾಮಿನವರೂ ಕರೆಯಲಿಲ್ಲ. ಅಂದಿನಿಂದ ಅವನು ದಿನವೂ ಆ ಬೆಂಚಿನ ಮೇಲೆ ಕೂರುತ್ತಿದ್ದ.

ಪಂಚನಾಮೆ ನಡೆಯಿತು. ಹವಾಲ್ದಾರ ಹೇಳುತ್ತ ಹೋದ, ರೈಟರ್ ಬರೆಯುತ್ತ ಹೋದ. ದೀಪ ಎರಡು, ಗಾಜು ಒಂದು, ಬಾಗಿಲು ಎರಡು. ಸಾವ್ಕಾರರು ಕುರ್ಚಿ ಹಾಕಿಸಿಕೊಂಡು ನೆರಳಲ್ಲಿ ಕೂತಿದ್ದರು. ಮಿಸ್ತ್ರಿ ಗೋಡೆಗೆ ಒರಗಿ ನಿಂತಿದ್ದ. ಬಲಗಡೆಯ ಸೀಟು ಎತ್ತಿದರು. ಕೆಳಗೆ ಒರಟು ಫೈಬರಿನ ಮೈ, ಗಾಜಿನ ನಾರು ಹೆಣೆದದ್ದು ಕಾಣುತ್ತಿತ್ತು. ಆಮೇಲೆ ಎಡಗಡೆಯದು. ಅದನ್ನು ಎತ್ತಲು ಹವಾಲ್ದಾರ ಹಮಾಲನಿಗೇ ಹೇಳಿದ.

ಹಮಾಲ ಸೀಟು ಎತ್ತಿ ಪಕ್ಕಕ್ಕಿಟ್ಟ. ಹಾಗೇ ಬಗ್ಗಿದವನು ಏಳಲಿಲ್ಲ. ಕೈಯನ್ನು ಒಳಗೆ ಹಾಕಿ ತಡವಿದ. ಬೆನ್ನು ನೋವು ಬಂತೇನೋ ಎಂದು ಪಾನ್ ಅಂಗಡಿಯವನು ಅವನ ತೋಳು ಹಿಡಿಯಲು ಹೋದ. ಹಮಾಲ ಅವನ ಕೈ ಸರಿಸಿದ.

"ಸಾಹೇಬ್ರ, ಇದು ಫಾರಿನ್ ಅಲ್ರಿ. ಇದು ನಮ್ಮ ಸಾವ್ಕಾರ್ರ ಚೀಲ."

ಫೌಜದಾರರು ಎದ್ದು ಬಂದರು. ನಾನೂ ಬಗ್ಗಿ ನೋಡಿದೆ. ಎಡಗಡೆಯ ಸೀಟಿನ ಕೆಳಗೆ, ಹಿಂದಿನ ಡಿಕ್ಕಿಯವರೆಗೂ, ಗಾಜಿನ ನಾರಿನ ಬದಲು ಗೋಣಿಯ ಹೆಣಿಗೆ ಇತ್ತು. ರಾಳ ಹೀರಿ ಗೋಣಿ ಜೇನಿನ ಬಣ್ಣಕ್ಕೆ ತಿರುಗಿ ಕಲ್ಲಿನಂತಾಗಿತ್ತು. ಅದರೊಳಗೆ ಹಸಿರು ಮಸಿಯ ಒಂದು ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು. ಗುಂಡು ಗೆರೆಯೊಳಗೆ ಒಂದು ತಕ್ಕಡಿ. ಇಂಡಿಯ ನಿಂಬೆ ವ್ಯಾಪಾರದಲ್ಲಿ ಒಬ್ಬೊಬ್ಬರದು ಒಂದೊಂದು ಮಾರ್ಕಾ. ಹಮಾಲರು ತಗಡಿನಲ್ಲಿ ಕೊರೆದ ಆಕಾರವನ್ನು ಚೀಲದ ಮೇಲಿಟ್ಟು ಮಸಿ ಹೊಡೆಯುತ್ತಾರೆ. ತಕ್ಕಡಿ ಯಾರ ಮಾರ್ಕಾ ಎಂದು ಅಲ್ಲಿದ್ದವರಿಗೆ ಹೇಳಬೇಕಾಗಿರಲಿಲ್ಲ.

ಸಾವ್ಕಾರರು ಕುರ್ಚಿಯಿಂದ ಏಳಲಿಲ್ಲ. ತಮ್ಮ ಚೀಲಗಳು ಸೊಲ್ಲಾಪುರ, ಪುಣೆಗೆಲ್ಲ ಹೋಗುತ್ತವೆ, ಅಲ್ಲಿ ಯಾರು ಬೇಕಾದರೂ ಹಾಕಿರಬಹುದು ಎಂದರು.

ಹಮಾಲ ಅವರ ಕಡೆ ತಿರುಗಲಿಲ್ಲ. ಫೌಜದಾರರಿಗೇ ಹೇಳಿದ: "ತಕ್ಕಡಿ ನೋಡ್ರಿ ಸಾಹೇಬ್ರ. ಎಡಗಡಿ ತಾಟಿಗೆ ಹಗ್ಗ ಇಲ್ಲ. ಹ್ವಾದ ವರ್ಷ ಮಳಿಗಾಲದಾಗ ಆ ತಗಡು ನನ್ನ ಕೈಯಾಗಿಂದ ಬಿದ್ದು ಮುರೀತು. ಅದರ ಹಿಂದಿನ ಚೀಲ ಆಗಿದ್ರ ಹಗ್ಗ ಇರತಿತ್ತು. ಮುರದ ಮ್ಯಾಲ ಒಂದ ಸಲದ ಚೀಲಕ್ಕಷ್ಟ ಅದರಿಂದ ಹೊಡದೇವಿ, ಆಮ್ಯಾಲ ಹೊಸಾ ತಗಡು ಬಂತು. ಇವು ಮಸಿ ಹೊಡದು ಕ್ವಾಣ್ಯಾಗ ಇಟ್ಟಾವು. ಒಂದೂ ಹೊರಗ ಹೋಗಿಲ್ಲ, ಹೋಗೂದರಾಗ ಕಳುವಾದ್ವು. ಅವು ಇವ."

ಗೋದಾಮಿನ ಮುಂದಿನ ಅರ್ಧಕ್ಕೂ ಹಿಂದಿನ ಅರ್ಧಕ್ಕೂ ನಡುವೆ ತಗಡಿನ ಅಡ್ಡಗೋಡೆ ಇತ್ತು. ಚೀಲಗಳ ಕೋಣೆ ಆ ಗೋಡೆಗೆ ಹತ್ತಿಕೊಂಡಿತ್ತು. ಒಂದು ತಗಡಿನ ಮೊಳೆ ಸಡಿಲಾಗಿದ್ದುದನ್ನು ಮಂಗಳವಾರವೇ ನೋಡಿದ್ದೆ, ಬರೆದುಕೊಂಡಿರಲಿಲ್ಲ.

ಎಲ್ಲರೂ ಮಿಸ್ತ್ರಿಯನ್ನು ನೋಡಿದರು. ಹೌದು ಎಂದರೆ ಕಾರು ಇಂಡಿಯಲ್ಲಿ, ಆ ಗೋದಾಮಿನಲ್ಲೇ ಆದದ್ದು ಎಂದಾಗುತ್ತದೆ, ಕಾರಿನ ಕೇಸು ಹೋಗುತ್ತದೆ. ಅದರೊಟ್ಟಿಗೆ ಚೀಲ ಕದ್ದವನು ತಾನು, ಐದು ತಿಂಗಳಿನಿಂದ ಆ ಬೆಂಚಿನ ಮೇಲೆ ಕೂತವನನ್ನು ನೋಡಿಯೂ ಸುಮ್ಮನಿದ್ದವನು ತಾನು ಎಂದೂ ಆಗುತ್ತದೆ. ಇಲ್ಲ ಎಂದರೆ ಕಾರು ಹೋಗುತ್ತದೆ.

"ಏನಪಾ ಮಿಸ್ತ್ರಿ?" ಎಂದರು ಫೌಜದಾರರು.

ಅವನು ಗೋಡೆ ಬಿಟ್ಟು ಮುಂದೆ ಬಂದ. ಎತ್ತಿಟ್ಟ ಸೀಟನ್ನು ನೋಡುತ್ತ ಹೇಳಿದ.

"ನಾರು ಮುಗದಿತ್ರಿ. ಮತ್ತ ತರಾಕ ಆಗಲಿಲ್ಲ. ಚೀಲ ನಾ ತಗೊಂಡೇನಿ. ಕಾರು ನಾ ಮಾಡೇನಿ."

ಹಮಾಲ ಅವನಿಗೆ ಒಂದೇ ಮಾತು ಕೇಳಿದ: "ದಿನಾ ಅದ ಅಂಗಡ್ಯಾಗ ನನ್ನ ಬಾಜೂಕ ಕುಂತು ಚಾ ಕುಡದೆಲ್ಲೊ ತಮ್ಮಾ?"

ಮಿಸ್ತ್ರಿ ಬಗ್ಗಿ ಸೀಟನ್ನು ಮತ್ತೆ ಕೂರಿಸತೊಡಗಿದ. ರೈಟರ್ ಏನು ಬರೆಯಲಿ ಎಂದು ಕೇಳಿದ. ಕಂಡದ್ದು ಬರೆ ಎಂದರು ಫೌಜದಾರರು. ಹಮಾಲ ಹೆಬ್ಬೆಟ್ಟು ಒತ್ತಿದ.

ಆ ಸಂಜೆ ಬೆಸೆದ ಪಟ್ಟಿಯನ್ನು ಬಿಡಿಸಿದರು. ಕೆಳಗೆ ನಂಬರು ಇತ್ತು. ಅದರ ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲು ಉಜ್ಜಿ ಪಡಿಯಚ್ಚು ತೆಗೆದು ಮುದ್ದೇಬಿಹಾಳಕ್ಕೆ ಕಳಿಸಿದರು. ಗುಜರಿಯವರ ಹಳೆಯ ಕಾಗದದ ನಂಬರಿಗೆ ಅದು ಹೊಂದಿತು. ಮಿಸ್ತ್ರಿಯಿಂದ ಮುಚ್ಚಳಿಕೆ ಬರೆಸಿಕೊಂಡು ಕಾರು ಬಿಟ್ಟರು. ಚೀಲದ ಬಗ್ಗೆ ಸಾವ್ಕಾರರು ದೂರು ಕೊಡಲಿಲ್ಲ. ಕೊಟ್ಟರೆ ತಾವು ತಪ್ಪು ಮನುಷ್ಯನನ್ನು ಕೆಲಸದಿಂದ ಬಿಡಿಸಿದ್ದು ಕಾಗದದ ಮೇಲೆ ಬರುತ್ತದೆ ಎಂದು ಯಾರೋ ಹೇಳಿದರಂತೆ. ಇದು ಕೇಳಿದ ಮಾತು.

ಸಾವ್ಕಾರರು ಹಮಾಲನಿಗೆ ನಾಳೆಯಿಂದ ಬಾ ಎಂದದ್ದನ್ನು ಮಾತ್ರ ನಾನೇ ಕೇಳಿದೆ. ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆ ಹೇಳಿದರು.

"ಬರ್ತೇನ್ರಿ," ಎಂದ ಹಮಾಲ. "ಕೀಲಿ ಮಾತ್ರ ನನ್ನ ಕೈಯಾಗ ಕೊಡಬ್ಯಾಡ್ರಿ."

ನಾನು ಎರಡನೆಯ ಸುದ್ದಿ ಬರೆದೆ. ಕಾರು ವಿದೇಶದ್ದಲ್ಲ, ಇಂಡಿಯ ಮಿಸ್ತ್ರಿ ಮಾಡಿದ ಫೈಬರಿನ ಪ್ರತಿರೂಪ ಎಂದು. ಚೀಲದ್ದೂ, ಹಮಾಲ ಕದ್ದಿರಲಿಲ್ಲ ಎಂಬುದೂ ಅದರಲ್ಲಿತ್ತು. ಒಳಪುಟದಲ್ಲಿ ಏಳು ಸಾಲು ಬಂತು. ಹಮಾಲನ ಸಾಲನ್ನು ಜಾಗವಿಲ್ಲವೆಂದು ಪತ್ರಿಕೆಯ ಡೆಸ್ಕಿನವರು ತೆಗೆದಿದ್ದರು. ಫೋನ್ ಮಾಡಿ ಕೇಳಿದೆ. ಕಾರಿನ ಸುದ್ದಿಗೆ ಚೀಲ ಯಾಕೆ ಎಂದರು.

ಸಿಂದಗಿಯ ಮದುವೆಗೆ ಕಾರು ಲಾರಿಯ ಮೇಲೆ ಹೋಯಿತು. ರಸ್ತೆಯ ಮೇಲೆ ಓಡಿಸಲು ಬೇಕಾದ ಕಾಗದ ಅದಕ್ಕೆ ಎಂದಾದರೂ ಸಿಕ್ಕಿತೋ ಇಲ್ಲವೋ ನನಗೆ ತಿಳಿಯದು. ನಾನೂ ಹೋಗಿದ್ದೆ. ಸುದ್ದಿ ಕಾರಿಗಿಂತ ಮೊದಲೇ ಸಿಂದಗಿ ಮುಟ್ಟಿತ್ತು. ಬೀಗರಲ್ಲಿ ಒಬ್ಬ ಹಿರಿಯರು ಬೆರಳಿನ ಗೆಣ್ಣಿನಿಂದ, ಗಡಿಗೆ ಕೊಳ್ಳುವವರ ಹಾಗೆ, ಕಾರನ್ನು ಅಲ್ಲಲ್ಲಿ ಬಡಿದು ನೋಡಿದರು.

"ಇದರಾಗ ನಿಂಬಿಕಾಯಿ ಚೀಲ ಹಾಕೀದಿ ಅಂತಲ್ಲೊ. ಮದಮಗಾ ಕುಂತ್ರ ಹರಿತೈತೇನು?"

"ಕ್ವಿಂಟಲ್ ನಿಂಬಿಕಾಯಿ ತಡದದ್ದು ನಿಮ್ಮ ಮದಮಗನ್ನ ತಡೀತೈತ್ರಿ," ಎಂದ ಮಿಸ್ತ್ರಿ. ಅವನು ನಗದೆ ಹೇಳಿದ. ಉಳಿದವರು ನಕ್ಕರು. ಮದುಮಗ ಬಲಗಡೆಯ ಸೀಟಿಗೆ ಹೋಗುತ್ತಿದ್ದವನು ಸ್ಟೇರಿಂಗ್ ಕಂಡು ಎಡಕ್ಕೆ ಬಂದು, ಒಂದು ಕೈಯಲ್ಲಿ ಬಾಸಿಂಗ, ಒಂದು ಕೈಯಲ್ಲಿ ಬಾಗಿಲು ಹಿಡಿದು ಮೆಲ್ಲಗೆ ಕೂತ. ಕಾರು ಸರಿಯಾಗಿ ಓಡಿತು.

ಹಮಾಲ ಆ ನಿಂಬೆ ಸುಗ್ಗಿ ಮುಗಿಯುವವರೆಗೆ ಗೋದಾಮಿನಲ್ಲಿ ದುಡಿದ. ಆಮೇಲೆ ಸಿಂದಗಿಯ ಮಾರುಕಟ್ಟೆಗೆ ಹೋದ. ಮಿಸ್ತ್ರಿ ನಾಲ್ಕಾರು ವರ್ಷ ಸುತ್ತಲ ಊರುಗಳ ಮೆರವಣಿಗೆಗೆ ಕಾರು ಬಿಟ್ಟ. ಎದುರಿಗೆ ಸಿಕ್ಕಾಗ ನಮಸ್ಕಾರ ಮಾಡುತ್ತಿದ್ದ. 2003ರ ಹೊತ್ತಿಗೆ ಮನೆ ಖಾಲಿ ಮಾಡಿಕೊಂಡು ಪುಣೆಗೆ ಹೋದ. ಕಾರು ಯಾರಿಗೆ ಕೊಟ್ಟ ಎಂದು ಓಣಿಯವರಿಗೆ ಗೊತ್ತಿರಲಿಲ್ಲ.

2006ರ ಡಿಸೆಂಬರಿನಲ್ಲಿ ಒಂದು ಸಭೆಯ ವರದಿಗೆ ಬಸವನ ಬಾಗೇವಾಡಿಗೆ ಹೋಗಿದ್ದೆ. ಹೊಸದಾಗಿ ಕಟ್ಟಿದ ಒಂದು ಮನೆಯ ಮುಂದೆ, ಬಟ್ಟೆ ಹೊದಿಸಿದ ಒಂದು ತಗ್ಗು ಗಾಡಿ ನಿಂತಿತ್ತು. ಮಾಲೀಕರು ಗುತ್ತಿಗೆದಾರರು. ಕೇಳಿದಾಗ ಸಂತೋಷದಿಂದ ಬಟ್ಟೆ ತೆಗೆಸಿದರು. ಕೆನೆ ಬಣ್ಣ ಹೋಗಿ ಕೆಂಪು ಬಂದಿತ್ತು. ಹೊರದೇಶದ ಅಸಲಿ ಕಾರು, ಪುಣೆ ಕಡೆಯ ಒಂದು ಸಂಸ್ಥಾನಿಕರ ಮನೆಯದು, ಒಬ್ಬ ಮಿಸ್ತ್ರಿಯ ಮೂಲಕ ಸಿಕ್ಕಿತು ಎಂದರು. ಎಡಗಡೆಯ ಸೀಟು ಎತ್ತಿಸಬಹುದೇ ಎಂದು ಕೇಳಿದೆ. ಎತ್ತಿಸಿದರು. ಕೆಳಗೆ ಡಿಕ್ಕಿಯವರೆಗೂ ದಪ್ಪಗೆ ಕಪ್ಪು ಬಣ್ಣ ಬಳಿದಿತ್ತು, ತಕ್ಕಡಿಯ ಗುರುತು ಇದ್ದರೂ ಕಾಣುವಂತಿರಲಿಲ್ಲ. ತಾವು ಕೊಂಡಾಗಲೇ ಹಾಗಿತ್ತು ಎಂದರು.